ಒಳಮೈಯ ಲೋಳೆ ಮತ್ತು ಮೂತ್ರಪಿಂಡ

ಲೋಳೆ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುವುದುಂಟು. ನೆಗಡಿಯ ಸಿಂಬಳ, ಕೆಮ್ಮಿನ ಕಫ, ಇವಲ್ಲದೆ ಅದರ ಬೇರೆ ರೂಪ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಆದರೆ ಹೊರಮೈಗೆ ಚರ್ಮವು ಹೇಗೋ ಒಳಮೈಗೆ ಲೋಳೆಯು ಹಾಗೆ. ಅದಕ್ಕೆ ಜಿಗುಟುತನವನ್ನು ಕೊಡುವ ಪ್ರೋಟೀನುಗಳಿಗೆ ಮ್ಯೂಸಿನ್‌ಗಳೆಂದು ಹೆಸರು. ಇವು ನಮ್ಮನ್ನು ಕಾಯುವ ಬಗೆ ಯಾವುದು, ಇವುಗಳಲ್ಲೊಂದು ಕೆಟ್ಟಾಗ ಮೂತ್ರಪಿಂಡಕ್ಕೆ ಒದಗುವ ಆಪತ್ತು ಯಾವುದು ಎಂಬ ಎರಡು ವಿಷಯಗಳನ್ನು ಈ ಹೊತ್ತು ವಿಚಾರ ಮಾಡೋಣ.

ಮ್ಯೂಸಿನ್ನಿನ ರಚನೆ ಸರಳವಾದುದು. ನಾರಿನ ಉದ್ದಕ್ಕೂ ಒತ್ತೊತ್ತಾಗಿ ಮಲ್ಲಿಗೆಯನ್ನು ಕಟ್ಟಿದಂತೆ, ಪ್ರೋಟೀನಿನ ನೀಳವಾದ ಎಳೆಗೆ ಸಕ್ಕರೆಯ ಸಣ್ಣ ಸಣ್ಣ ಸರಪಣಿಗಳು ಅಂಟಿಕೊಂಡಿರುತ್ತವೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಈ ಸಕ್ಕರೆಯದೇ. ಇದು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಳಮೈ ಒಣಗುವುದಿಲ್ಲ, ಉಜ್ಜಿ ಸವೆಯುವುದಿಲ್ಲ.

ಮನುಷ್ಯನ ದೇಹದಲ್ಲಿ ಸುಮಾರು 20 ಬಗೆಯ ಮ್ಯೂಸಿನ್‌ಗಳಿವೆ. ಇವುಗಳಲ್ಲಿ ಕೆಲವು ಜೀವಕೋಶಗಳಿಂದ ಹೊರಕ್ಕೆ ಸ್ರವಿಸಿ ಲೋಳೆಯಾಗುತ್ತವೆ. ಜಠರವು ತನ್ನ ಆಮ್ಲದಿಂದ ತಾನೇ ಜೀರ್ಣವಾಗದಿರುವುದಕ್ಕೆ ಈ ಲೋಳೆಯ ಹೊದಿಕೆಯೇ ಒಂದು ಮುಖ್ಯ ಕಾರಣ. ದೊಡ್ಡ ಕರುಳಿನಲ್ಲಿ ಅದು ಅಸಂಖ್ಯಾತ ಬ್ಯಾಕ್ಟೀರಿಯಾಗಳನ್ನು ಕರುಳಿನ ಗೋಡೆಯಿಂದ ದೂರವಿಡುತ್ತದೆ. ಉಸಿರಿನ ನಾಳಗಳಲ್ಲಿ ಧೂಳನ್ನು ಹಿಡಿದು ಹೊರದೂಡುತ್ತದೆ. ಇನ್ನು ಕೆಲವು ಮ್ಯೂಸಿನ್‌ಗಳು ಸ್ರವಿಸಿ ಹೋಗದೆ, ಜೀವಕೋಶದ ಪೊರೆಯಲ್ಲಿಯೇ ಬೇರೂರಿ ಕಾವಲು ನಿಲ್ಲುತ್ತವೆ. ಇಂಥವುಗಳಲ್ಲೊಂದು ಮ್ಯೂಸಿನ್-1. ಇದು ಮೂತ್ರಪಿಂಡದಲ್ಲಿಯೂ ಉಂಟು.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಶೋಧಕಗಳಿವೆ. ದಿನವೊಂದಕ್ಕೆ ಸುಮಾರು 180 ಲೀಟರು ದ್ರವವು ಇವುಗಳಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಬಹುಭಾಗವನ್ನು ಸೂಕ್ಷ್ಮನಾಳಗಳು ಹಿಂದಕ್ಕೆ ಹೀರಿಕೊಳ್ಳುವುದರಿಂದ, ಮೂತ್ರವಾಗಿ ಉಳಿಯುವುದು ಒಂದೂವರೆ ಲೀಟರಿನಷ್ಟು ಮಾತ್ರ. ಈ ನಾಳಗಳ ಕೊನೆಯ ಭಾಗದ ಒಳಮೈಯಲ್ಲಿ ಮ್ಯೂಸಿನ್-1 ನೆಲೆಸಿದೆ.

ಪ್ರೋಟೀನನ್ನು ಕಟ್ಟುವ ಕ್ರಮವು ಡಿ.ಎನ್.ಎ.ಯಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿದೆ. ಜೀವಕೋಶವು ಅದನ್ನು ಮೂರು ಮೂರು ಅಕ್ಷರಗಳಾಗಿ ಬಿಡಿಸಿ ಓದುತ್ತದೆ. ಛಂದಸ್ಸನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ಮಾತು. ವೃತ್ತದ ಪಾದವನ್ನು ಮೂರಕ್ಷರದ ಗಣಗಳಾಗಿ ವಿಂಗಡಿಸುವಾಗ ನಡುವೆ ಒಂದಕ್ಷರ ಹೆಚ್ಚಾಗಿ ನುಸುಳಿದರೆ, ಅಲ್ಲಿಂದ ಮುಂದಿನ ಗಣಗಳೆಲ್ಲವೂ ಕೆಡುತ್ತವಷ್ಟೆ. ಮ್ಯೂಸಿನ್-1ರ ಬರಹದಲ್ಲಿ 60 ಅಕ್ಷರಗಳ ಒಂದು ಪಲ್ಲವಿಯು 20ರಿಂದ 125 ಸಲ ಮರಳಿ ಬರುತ್ತದೆ. ಅದರಲ್ಲಿ ಒಂದೆಡೆ ಸೈಟೋಸಿನ್ ಎಂಬ ಅಕ್ಷರವು ಸಾಲಾಗಿ ಏಳು ಬಾರಿ ಇದೆ. ಕೆಲವು ಮನೆತನಗಳಲ್ಲಿ ಏಳರ ಬದಲು ಎಂಟಾಗಿರುತ್ತದೆ. ದೋಷವು ಇಷ್ಟೇ. ಆದರೆ ಅಲ್ಲಿಂದ ಮುಂದೆ ತಯಾರಾಗುವ ಪ್ರೋಟೀನು ವಿಕಾರವಾದುದು. ಪೊರೆಯಲ್ಲಿ ಊರಿಕೊಳ್ಳುವ ಬೇರೇ ಅದಕ್ಕಿಲ್ಲ. ಅದು ಜೀವಕೋಶದೊಳಗೆ ಸಂಚಿತವಾಗುತ್ತ ಬಂದು, ಕಾಲಕ್ರಮದಲ್ಲಿ ನಾಳಗಳು ನಶಿಸಿ ಮೂತ್ರಪಿಂಡವು ಸೊರಗುತ್ತದೆ.

ಈ ರೋಗದ ಮೂಲವನ್ನು ಹಿಡಿಯುವುದು ಸುಲಭವಾಗಲಿಲ್ಲ. ಸೈಪ್ರಸ್ ದ್ವೀಪದ ಕುಟುಂಬಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ದೋಷವು ಒಂದನೆಯ ಕ್ರೋಮೋಸೋಮಿನಲ್ಲಿದೆಯೆಂದು 1998ರಲ್ಲಿ ಗೊತ್ತುಮಾಡಿದರು. ನಿಶ್ಚಿತವಾದ ಸ್ಥಳವು ತಿಳಿದುದು 2013ರಲ್ಲಿ. ಒಂದೇ ಪಲ್ಲವಿಯು ಅಷ್ಟೊಂದು ಸಲ ಬರುವೆಡೆಯಲ್ಲಿ ಒಂದಕ್ಷರದ ತಪ್ಪು ಸಾಧಾರಣ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದಕ್ಕೆ ವಿಶೇಷ ಪರೀಕ್ಷೆಯೇ ಬೇಕು.

ರೋಗಿಯ ಲಕ್ಷಣಗಳೂ ಮೋಸಗೊಳಿಸತಕ್ಕವು. ಮೂತ್ರದಲ್ಲಿ ರಕ್ತವಿರುವುದಿಲ್ಲ, ಪ್ರೋಟೀನು ಇದ್ದರೂ ಅತ್ಯಲ್ಪ. ನೋವಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಮಾತ್ರ ವರ್ಷದಿಂದ ವರ್ಷಕ್ಕೆ ಮೆಲ್ಲನೆ ಏರುತ್ತದೆ. ಒಬ್ಬರಿಗೆ ಇಪ್ಪತ್ತರ ಹರೆಯದಲ್ಲಿ, ಅದೇ ಮನೆಯ ಮತ್ತೊಬ್ಬರಿಗೆ ಅರುವತ್ತರ ಮೇಲೆ ಮೂತ್ರಪಿಂಡವು ಕೈಬಿಡಬಹುದು. ತಂದೆತಾಯಿಗಳಲ್ಲಿ ಒಬ್ಬರಿಗೆ ದೋಷವಿದ್ದರೆ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ನಮ್ಮ ದೇಶದಲ್ಲಿ ಮೂತ್ರಪಿಂಡವನ್ನು ದಾನ ಮಾಡುವವರು ಬಹುಮಟ್ಟಿಗೆ ಮನೆಯವರೇ. ಅಣ್ಣನನ್ನು ಉಳಿಸಲು ಮುಂದೆ ಬಂದ ತಮ್ಮನಲ್ಲಿಯೂ ಅದೇ ದೋಷವು ಅಡಗಿದ್ದರೆ, ಒಂದು ಪ್ರಾಣವನ್ನು ಕಾಯಹೋಗಿ ಎರಡನ್ನು ಅಪಾಯಕ್ಕೆ ಒಡ್ಡಿದಂತಾಗುವುದು. ದೋಷವಿಲ್ಲದವರ ಮೂತ್ರಪಿಂಡವನ್ನು ಜೋಡಿಸಿದಾಗ, ಅದರಲ್ಲಿ ಈ ರೋಗವು ಮರುಕಳಿಸುವುದಿಲ್ಲ.

ರೋಗದ ಬುಡಕ್ಕೇ ಕೈಹಾಕುವ ಯತ್ನವೂ ನಡೆದಿದೆ. 2019ರಲ್ಲಿ ಅಮೆರಿಕದ ಬ್ರಾಡ್ ಸಂಸ್ಥೆಯ ಅನ್ನಾ ಗ್ರೇಕಾ ಮತ್ತು ಸಂಗಡಿಗರು, ಸಿಕ್ಕಿಬಿದ್ದ ವಿಕೃತ ಪ್ರೋಟೀನನ್ನು ಬಿಡಿಸಿ ಜೀವಕೋಶವೇ ಅದನ್ನು ಜೀರ್ಣಿಸಿಕೊಳ್ಳುವಂತೆ ಮಾಡುವ ಒಂದು ರಾಸಾಯನಿಕವನ್ನು ಇಲಿಗಳಲ್ಲಿಯೂ ರೋಗಿಗಳ ಜೀವಕೋಶಗಳಲ್ಲಿಯೂ ಪರೀಕ್ಷಿಸಿ ಫಲ ಕಂಡರು. ಪ್ರಯೋಗಶಾಲೆಯಿಂದ ಔಷಧಾಲಯಕ್ಕೆ ದಾರಿ ದೂರ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಉಪಾಯವು ಸಾಮಾನ್ಯವಾದುದು: ಅಜ್ಜ, ಚಿಕ್ಕಪ್ಪ, ಸೋದರತ್ತೆ ಎಂದು ಒಂದೇ ಮನೆತನದಲ್ಲಿ ಹಲವರು ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಿದ್ದರೆ, ಆ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು. ಮೂತ್ರಪರೀಕ್ಷೆಯು ಹೇಳದ ಮಾತನ್ನು ಎಷ್ಟೋ ವೇಳೆ ವಂಶವೃಕ್ಷವು ಹೇಳುತ್ತದೆ.