ಹೊಳೆ ದಂಡೆಯ ವಿಹಾರ: ಮೊದಲ ಕೆಲವು ನಿಮಿಷ ನಿಮ್ಮ ಕೈಯಲ್ಲಿ

ರಜೆ ಬಂತೆಂದರೆ ಕಾವೇರಿ ದಂಡೆಯ ಮುತ್ತತ್ತಿ, ಸಂಗಮ, ಬಲಮುರಿಗಳಲ್ಲಿ ಜನಜಾತ್ರೆ. ಬುತ್ತಿ ಕಟ್ಟಿಕೊಂಡು ಬರುವವರು, ಗಾಳ ಹಾಕಿ ಕೂರುವ ಆಸೆಯವರು, ಅನುಮತಿ ಪಡೆದು ಶಿಬಿರಗಳಲ್ಲಿ ರಾತ್ರಿ ತಂಗುವವರು, ಹೀಗೆ ಎಲ್ಲರನ್ನೂ ಹೊಳೆ ಸೆಳೆಯುತ್ತದೆ.

ಇಂಥ ವಿಹಾರದಲ್ಲಿ 17 ವರ್ಷದ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಹಿಂದೊಮ್ಮೆ ನನ್ನ ಬಳಿ ಬಂದಿದ್ದರು. “ಡಾಕ್ಟ್ರೇ, ಬೇಗನೇ ಮೇಲಕ್ಕೆತ್ತಿದೆವು. ಬೋರಲು ಮಲಗಿಸಿ ಹೊಟ್ಟೆ ಒತ್ತಿದೆವು, ನೀರೂ ಹೊರಬಂತು. ಆದರೂ ಉಸಿರಾಡಲಿಲ್ಲ. ನಾವು ತಪ್ಪಿದ್ದೆಲ್ಲಿ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಬೇರೆ ಕುಟುಂಬಗಳಿಗಾದರೂ ಅದು ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹೊಟ್ಟೆ ಒತ್ತಬೇಡಿ, ಉಸಿರು ಕೊಡಿ

ನೀರಿನಲ್ಲಿ ಮುಳುಗಿದವರ ಪ್ರಾಣ ಹೋಗುವುದು ಹೊಟ್ಟೆಗೆ ನೀರು ಸೇರಿದ್ದರಿಂದಲ್ಲ. ಉಸಿರು ನಿಂತು ಮಿದುಳಿಗೆ ಆಮ್ಲಜನಕ ಸಿಗದಿರುವುದರಿಂದ. ನಾಲ್ಕಾರು ನಿಮಿಷ ಕಳೆದರೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಹೊಟ್ಟೆ ಒತ್ತಿದಾಗ ಬರುವುದು ಜಠರದ ನೀರು. ಅದರೊಡನೆ ತಿಂದ ಆಹಾರವೂ ಬಂದು ಶ್ವಾಸನಾಳಕ್ಕೆ ಹೊಕ್ಕರೆ ಇನ್ನೂ ಅಪಾಯ. ತಲೆಕೆಳಗಾಗಿ ಹಿಡಿಯುವುದೂ ಅಷ್ಟೇ. ಅಮೂಲ್ಯ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ.

ಹಾಗಾದರೆ ಏನು ಮಾಡಬೇಕು? ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆ ಏರಿಳಿಯುತ್ತಿದೆಯೇ ಎಂದು 10 ಸೆಕೆಂಡು ನೋಡಲಿ. ಉಸಿರಾಟ ಸರಿಯಾಗಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಬೆಚ್ಚಗೆ ಹೊದಿಸಿ. ಉಸಿರಿಲ್ಲದಿದ್ದರೆ ಅಥವಾ ಬಿಟ್ಟು ಬಿಟ್ಟು ಏದುತ್ತಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಣೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 5 ಬಾರಿ ಉಸಿರು ಊದಿ; ಪ್ರತಿ ಸಲವೂ ಎದೆ ಉಬ್ಬಬೇಕು. ಬಳಿಕ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಸುಮಾರು 5 ಸೆಂಟಿಮೀಟರ್ ತಗ್ಗುವಂತೆ 30 ಸಲ ಒತ್ತಿ. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ 2 ಉಸಿರು, ಮತ್ತೆ 30 ಒತ್ತು. ಚೇತರಿಸಿಕೊಳ್ಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಕೆಲವು ಗಂಟೆಗಳಲ್ಲಿ ಉಸಿರಾಟ ಮತ್ತೆ ಕಷ್ಟವಾಗಬಹುದು.

ಹೊಳೆ ಕೆರೆಯಲ್ಲ

ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಮಡು ಇರಬಹುದು. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಇಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಸುರಿದರೆ ಅಥವಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಚಿಕ್ಕ ಮಕ್ಕಳು ನಿಮ್ಮ ಕೈಗೆಟುಕುವಷ್ಟು ಹತ್ತಿರ ಇರಲಿ. ಮದ್ಯ ಕುಡಿದು ನೀರಿಗಿಳಿಯುವುದು ಬೇಡವೇ ಬೇಡ.

ಮುಳುಗುತ್ತಿರುವವರನ್ನು ಕಂಡು ಈಜು ಬಾರದವರು ಹಿಂದೆಯೇ ಹಾರುವುದರಿಂದ ಒಂದರ ಬದಲು ಎರಡು ಮೂರು ಸಾವುಗಳಾಗುತ್ತವೆ. ದಡದಲ್ಲೇ ನಿಂತು ಹಗ್ಗ, ಸೀರೆ, ಪಂಚೆ ಅಥವಾ ಉದ್ದನೆಯ ಬಿದಿರು ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೂ ತೇಲಲು ಆಸರೆಯಾಗುತ್ತದೆ.

ಗಾಳ, ಮುಳ್ಳು, ಜ್ವರ

ಗಾಳದ ಕೊಕ್ಕೆಯ ತುದಿಯಲ್ಲಿ ಹಿಮ್ಮುಖದ ಮುಳ್ಳು ಇರುತ್ತದೆ. ಚರ್ಮಕ್ಕೆ ಚುಚ್ಚಿಕೊಂಡರೆ ಎಳೆಯಬೇಡಿ. ದಾರ ಕತ್ತರಿಸಿ, ಕೊಕ್ಕೆ ಅಲುಗದಂತೆ ಬಟ್ಟೆ ಸುತ್ತಿ ವೈದ್ಯರಲ್ಲಿಗೆ ಬನ್ನಿ. ಚೇಳು ಮೀನಿನ ಮುಳ್ಳು ಚುಚ್ಚಿದರೆ ತಡೆಯಲಾರದ ಉರಿ. ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ಕೈ ಅದ್ದಿದರೆ ನೋವು ಇಳಿಯುತ್ತದೆ. ಧನುರ್ವಾಯು ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೊಂದು ಬೇಕು.

ರಾತ್ರಿ ಬರಿ ನೆಲದ ಮೇಲೆ ಮಲಗಬೇಡಿ. ಕಟ್ಟು ಹಾವು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು ಇದ್ದು, ರೆಪ್ಪೆ ಜೋತುಬಿದ್ದರೆ ನೇರ ಆಸ್ಪತ್ರೆಗೆ ಒಯ್ಯಿರಿ.

ಮನೆಗೆ ಮರಳಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸಿಕೊಂಡರೆ ಅದು ಇಲಿ ಜ್ವರವಿರಬಹುದು. ಹೊಳೆಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಬೇಗ ಗುರುತಿಸಿದರೆ ಔಷಧಿಗೆ ಬಗ್ಗುವ ರೋಗವದು.

ಆ ಹುಡುಗನಿಗೆ ಉಸಿರು ಕೊಟ್ಟಿದ್ದರೆ ಬದುಕುತ್ತಿದ್ದನೇ? ಯಾರೂ ಖಚಿತವಾಗಿ ಹೇಳಲಾರರು. ಆದರೆ ಒಂದು ಅವಕಾಶವಾದರೂ ಇರುತ್ತಿತ್ತು. ಹೊಳೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು, ಒಂದು ಗಟ್ಟಿ ದಿಂಬಿನ ಮೇಲೆ ಆ 30 ಒತ್ತುಗಳನ್ನು ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ಹತ್ತು ನಿಮಿಷ ಸಾಕು.