ಓದು, ಬರೆಹ, ಧನವಿನಿಯೋಗ

ಬಡ್ಡಿಯ ಲೆಕ್ಕವು ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಕಾಲಾವಧಿಗಳ ಪ್ರಶ್ನೆಗಳು ಹೇರಳವಾಗಿವೆ. ಮುಂದೆ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಆದರೆ ಸಾಲ ಕೊಟ್ಟವನಿಗೂ ಷೇರು ಕೊಂಡವನಿಗೂ ಭೇದವುಂಟು. ಸಾಲಕ್ಕೆ ಪತ್ರವಿರುವುದು, ಷೇರುದಾರನಿಗಾದರೋ ಇಂತಿಷ್ಟೇ ಬರುವುದೆಂಬ ಕರಾರಿಲ್ಲ. ಅವನು ವ್ಯಾಪಾರದ ಪಾಲುಗಾರನು; ಲಾಭವಾದರೆ ಅದರಲ್ಲಿ ಪಾಲು, ನಷ್ಟವಾದರೆ ಹಾಕಿದ ಹಣದ ಮಟ್ಟಿಗೆ ಅದರಲ್ಲಿಯೂ ಪಾಲು. ಆದುದರಿಂದಲೇ ಅವನಿಗೆ ಓದು ಬೇಕು.

ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದ ಒಂದಂಶವನ್ನು ಷೇರುಗಳಲ್ಲಿ ತೊಡಗಿಸಲು ಹೊರಟ ನಾನು ಈ ವಿದ್ಯೆಯಲ್ಲಿ ಇನ್ನೂ ಓನಾಮದ ವಿದ್ಯಾರ್ಥಿ. ಆದರೂ ಕಂಪೆನಿಯೊಂದರ ವಾರ್ಷಿಕ ವರದಿಯನ್ನು ಬಿಚ್ಚಿದಾಗ ಹಳೆಯ ಪರಿಚಯದವರನ್ನು ಕಂಡಂತಾಯಿತು. ಮುಂದುಗಡೆ ಅಧ್ಯಕ್ಷರ ಪತ್ರ, ಬಣ್ಣದ ಚಿತ್ರಗಳು, ಇವು ನಾಂದಿ. ನಡುವೆ ಅಢಾವೆ ಪತ್ರಿಕೆ, ಲಾಭನಷ್ಟದ ಲೆಕ್ಕ, ಇವು ಸೂತ್ರ. ಕೊನೆಯಲ್ಲಿ ಸಣ್ಣಕ್ಷರದ ಟಿಪ್ಪಣಿಗಳು, ಇವೇ ಭಾಷ್ಯ. ಭಾಷ್ಯವಿಲ್ಲದೆ ಸೂತ್ರಕ್ಕೆ ಅರ್ಥ ಹೇಳಹೊರಟವನ ಗತಿಯನ್ನು ವ್ಯಾಕರಣ ಓದಿದವರಿಗೆ ವಿವರಿಸಬೇಕಾದುದಿಲ್ಲ. ಸಾಲ ಎಷ್ಟು, ಎಂದು ತೀರಬೇಕು. ನ್ಯಾಯಾಲಯದಲ್ಲಿ ಯಾವ ವ್ಯಾಜ್ಯವಿದೆ. ಕಂಪೆನಿಯನ್ನು ನಡೆಸುವವರ ಬಂಧುಗಳ ಸಂಸ್ಥೆಗಳೊಡನೆ ಏನು ಕೊಡುಕೊಳ್ಳುವಿಕೆ. ಇವೆಲ್ಲ ಅಲ್ಲಿಯೇ ಇರುವುವು. ನಾನು ಮೊದಲು ಓದುವುದು ಈ ಕೊನೆಯದನ್ನು.

ಇದಕ್ಕೆ ಕಾರಣ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸಂಸ್ಥೆಯ ಕಥೆ. 2008ರ ಡಿಸೆಂಬರ್ 16ರಂದು ಅದು ಮೇಟಾಸ್ ಎಂಬ ಹೆಸರಿನ ಎರಡು ಸಂಸ್ಥೆಗಳನ್ನು ಕೈವಶ ಮಾಡಿಕೊಳ್ಳುವುದಾಗಿ ಸಾರಿತು. ಅವು ಅಧ್ಯಕ್ಷ ರಾಮಲಿಂಗರಾಜು ಅವರ ಕುಟುಂಬಕ್ಕೆ ಸಂಬಂಧಪಟ್ಟವು. ಸತ್ಯಂ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ ಮೇಟಾಸ್ ಎಂದೇ ಆಗುವುದು! ಹಿಂದಿನಿಂದ ಓದಿದರೂ ಅರ್ಥ ಕೊಡುವ ಗತಪ್ರತ್ಯಾಗತವೆಂಬ ಚಿತ್ರಕವಿತ್ವವು ಲೆಕ್ಕಪತ್ರದಲ್ಲಿಯೂ ಉಂಟೆಂದು ಆಗಲೇ ತಿಳಿದದ್ದು. ಷೇರುದಾರರು ಕೆರಳಿದರು, ಆ ವ್ಯವಹಾರ ನಿಂತಿತು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆ ದಿನವೇ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಹೆಚ್ಚಾಗಿ ಕುಸಿಯಿತು. ಲೆಕ್ಕಪರಿಶೋಧಕರ ಸಹಿ ಬಿದ್ದಿದ್ದ ಆ ಶಿಲ್ಕು ಸುಳ್ಳೆಂದು ಮನೆಯಲ್ಲಿ ಕುಳಿತ ಗೃಹಸ್ಥನಿಗೆ ಎಷ್ಟು ಓದಿದರೂ ತಿಳಿಯುವಂತಿರಲಿಲ್ಲ. ಹಣವನ್ನೆಲ್ಲ ಒಂದೇ ಕಡೆ ಇಡಬಾರದೆಂಬುದಕ್ಕೆ ಬೇರೆ ಕಾರಣ ನನಗೆ ಬೇಡ.

ಇನ್ನು ಬರೆಹದ ಮಾತು. ಕೊಳ್ಳುವ ಮೊದಲು ತಾರೀಖು ಹಾಕಿ ಒಂದು ಪುಟ ಬರೆಯುವುದು ನನ್ನ ನಿಯಮ. ಮೊದಲು ಪೂರ್ವಪಕ್ಷ: ಈ ಷೇರನ್ನು ಏಕೆ ಕೊಳ್ಳಬಾರದು? ಎದುರಾಳಿಯ ಬಾಯಿಂದ ಬಂದಷ್ಟು ಬಲವಾಗಿ ಅದನ್ನು ಬರೆಯಬೇಕು. ಆಮೇಲೆ ಸಿದ್ಧಾಂತ. ಪೂರ್ವಪಕ್ಷವೇ ಗಟ್ಟಿಯೆಂದು ಕಂಡರೆ ಹಣವು ಬ್ಯಾಂಕಿನಲ್ಲಿಯೇ ಉಳಿಯುವುದು. ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಅಮೆರಿಕದ ಬೆಂಜಮಿನ್ ಗ್ರಹಾಂ 1949ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ದಿನವೂ ಬಾಗಿಲಿಗೆ ಬಂದು ಒಂದೊಂದು ಬೆಲೆ ಹೇಳುವ ಚಪಲಚಿತ್ತನಾದ ಪಾಲುದಾರನಿಗೆ ಷೇರುಪೇಟೆಯನ್ನು ಹೋಲಿಸಿದ್ದಾನೆ. ಈ ಅತಿಥಿ ಬಂದಾಗಲೆಲ್ಲ ಆ ಪುಟವನ್ನು ತೆಗೆದು ನೋಡುತ್ತೇನೆ. ಬರೆದ ಕಾರಣ ಕೆಡದೆ ಬೆಲೆ ಮಾತ್ರ ಇಳಿದಿದ್ದರೆ ಮಾರುವುದಿಲ್ಲ.

ಪುಟವನ್ನು ನಮ್ಮ ಮನೆಯಾಕೆಗೂ ಓದಿ ಹೇಳುವುದುಂಟು. ಒಮ್ಮೆ ಪೂರ್ತಿ ಕೇಳಿ, “ಎಲ್ಲಾ ಸರಿ, ನೀವಿಲ್ಲದಾಗ ಇದನ್ನೆಲ್ಲ ಎಲ್ಲೀಂತ ಹುಡುಕಲಿ?” ಎಂದಳು. ಗ್ರಹಾಮನ ಗ್ರಂಥಕ್ಕಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. 1996ರ ಡಿಪಾಸಿಟರಿ ಕಾಯಿದೆ ಬಂದಮೇಲೆ ಷೇರುಗಳು ಕಾಗದದ ರೂಪವನ್ನು ಬಿಟ್ಟು ಡಿಮ್ಯಾಟ್ ಖಾತೆಯನ್ನು ಸೇರಿವೆ. ಪೆಟ್ಟಿಗೆಯನ್ನು ಶೋಧಿಸಿದರೆ ಏನೂ ಸಿಕ್ಕದು. 2013ರ ಕಂಪೆನಿ ಕಾಯಿದೆಯಂತೆ, ಎಡೆಬಿಡದೆ ಏಳು ವರ್ಷ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಆ ಲಾಭಾಂಶವೂ ಷೇರುಗಳೂ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುವುವು. ವಾರಸುದಾರರು ಮರಳಿ ಪಡೆಯಬಹುದು, ನಿಜ. ಆದರೆ ಅರ್ಜಿ, ದಾಖಲೆ, ಓಡಾಟಗಳು ಯಾರ ಪಾಲಿಗೆ?

ಆದಕಾರಣ ಪುಸ್ತಕದ ಮೊದಲ ಹಾಳೆಯಲ್ಲಿ ಖಾತೆಯ ಸಂಖ್ಯೆ, ಅದಿರುವ ಸಂಸ್ಥೆ, ನಾಮನಿರ್ದೇಶನ ಯಾರ ಹೆಸರಿನಲ್ಲಿದೆ, ಲಾಭಾಂಶ ಯಾವ ಬ್ಯಾಂಕಿಗೆ ಬರುವುದು, ಇಷ್ಟನ್ನೂ ಬರೆದೆನು. ಗುಪ್ತಪದವನ್ನು ಮಾತ್ರ ಬರೆಯಲಿಲ್ಲ. ಆಕೆ ಓದಿ ನೋಡಿ, ಅಕ್ಷರ ಇನ್ನಷ್ಟು ದಪ್ಪಗಿರಲಿ ಎಂದಳು. ದಪ್ಪಕ್ಷರದಲ್ಲಿ ಮತ್ತೆ ನಕಲು ಮಾಡಿ ಪುಸ್ತಕವನ್ನು ಪಂಚಾಂಗದ ಪಕ್ಕದಲ್ಲಿ ಇಟ್ಟಿದ್ದೇನೆ.