ಸಾರಥಿಯಿಲ್ಲದ ರಥ

ರಥವೆಂದೊಡನೆ ಸಾರಥಿಯ ನೆನಪಾಗುವುದು ಸಹಜ. ಆದರೆ ಸಾರಥಿಯ ಕೈ ಸೋಂಕದೆಯೇ ಸಾಗುವ ಕಾರುಗಳ ಪ್ರಯೋಗವೊಂದು 1997ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದ ಬಳಿ ನಡೆಯಿತು. ಹೆದ್ದಾರಿಯಲ್ಲಿ ಸಾಲಾಗಿ ಹುದುಗಿಸಿದ ಅಯಸ್ಕಾಂತಗಳೇ ಅಲ್ಲಿ ದಾರಿ ತೋರಿದವು. ಕಾರಿನ ಸಂವೇದಕಗಳು ಅವನ್ನು ಗುರುತಿಸಿ ಗಾಲಿಗಳನ್ನು ತಿರುಗಿಸಲು ನೆರವಾದರೆ, ಮುಂದಿನ ಕಾರಿನ ಅಂತರವನ್ನು ರೇಡಾರು ಅಳೆಯುತ್ತಿತ್ತು. ಅದರ ವೇಗವನ್ನು ರೇಡಿಯೋ ತಿಳಿಸುತ್ತಿತ್ತು.

ಈ ವಿದ್ಯೆಯ ಸೌಮ್ಯರೂಪವೊಂದು ನಮ್ಮ ನಾಡಿನಲ್ಲಿ 2012ರಲ್ಲಿ ಮೈಸೂರಿನ ನಗರ ಸಾರಿಗೆಗೆ ಬಂದಿತು. ಉಪಗ್ರಹದ ನೆರವಿನಿಂದ ಬಸ್ಸಿನ ನೆಲೆಯನ್ನರಿತು, ಅದು ಬರುವ ಹೊತ್ತನ್ನು ನಿಲ್ದಾಣದ ಫಲಕದಲ್ಲಿ ಮುಂದಾಗಿಯೇ ತಿಳಿಸುವ ಏರ್ಪಾಡದು.

ಆದರೆ ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಸಾಗುವ ದಾರಿಯಲ್ಲಿ ನಿಂತು ಯೋಚಿಸಿದರೆ ತೊಡಕು ಕಾಣುತ್ತದೆ. ಹತ್ತಿಯ ಬಂಡಿ, ಕುರಿಯ ಹಿಂಡು, ಅಂಚಿನಲ್ಲಿ ಒಣಗಲು ಹರವಿದ ಭತ್ತ, ಶಾಲೆಗೆ ನಡೆದುಬರುವ ಮಕ್ಕಳು, ಎಲ್ಲಕ್ಕೂ ದಾರಿಯೊಂದೇ. ಅಯಸ್ಕಾಂತವು ದಾರಿಯ ನಡುವನ್ನು ತೋರೀತು. ಅಡ್ಡಬಂದ ಮಗುವನ್ನು ತೋರದು. ಅದಕ್ಕೆ ಯಂತ್ರವು ಬೇರೆ ಕಣ್ಣನ್ನು ಪಡೆಯಬೇಕು, ಕುರುಬನ ಕೋಲಿನ ಸನ್ನೆಯನ್ನೂ ಕಲಿಯಬೇಕು.

ಅಲ್ಲಿಯವರೆಗೆ ಬಂಡಿಯ ಹಿಂಬದಿಗೆ ಬೆಳಕಿಗೆ ಹೊಳೆಯುವ ಪಟ್ಟಿ, ಶಾಲೆಯ ಮುಂದೆ ವೇಗಕ್ಕೆ ಕಡಿವಾಣ, ಮಕ್ಕಳಿಗೆ ದಾರಿಯ ಪಾಠ: ಇಷ್ಟು ಸಾರಥ್ಯವು ನಮ್ಮ ಕೈಯಲ್ಲಿಯೇ ಇದೆ.